ಯೂಫೀಮಿಯಾ ಗಂಟೆಯ ಹಣ್ಣು

ಟ್ರೆಲೋರ್ ನರ್ಸರಿ, ಫ್ರಾಂಕ್ಲಿನ್, ಟಾಸ್ಮೇನಿಯಾ
೨ ಮೇ ೧೯೫೬

ಲೇಡಿ ಯೂಫೀಮಿಯಾ ಸ್ಟ್ರಾಥೋರ್ನ್ ಅವರಿಗೆ,

ನಿಮ್ಮ ಹೂವಿನ ಬಾಬ್ತು ಈವರೆಗೆ ಆದ ಖರ್ಚು ಹೀಗಿದೆ: ಮೂರು ಶರತ್ಕಾಲ, ನಾಲ್ಕು ಜೊತೆ ಬೂಟು, ಗಾಳಿಗೆ ಹಾರಿಹೋದ ಒಂದು ಡೇರೆ, ಹಳ್ಳ ದಾಟುವಾಗ ಕಾಲು ಮುರಿದುಕೊಂಡ ಒಂದು ಬಾಡಿಗೆ ಕುದುರೆ (ಅದರ ಬೆಲೆ ಹದಿನೆಂಟು ಪೌಂಡು, ಮಾಲೀಕ ವಸೂಲು ಮಾಡಿದ್ದು ಇಪ್ಪತ್ತೆರಡು), ಮತ್ತು ನನ್ನ ಎಡ ಮಂಡಿ. ಆದಾಯ ಸೊನ್ನೆ. ಬೇರೆಯವರ ಅಂಗಡಿಯಲ್ಲಿ ಇಂಥ ಲೆಕ್ಕ ಕಂಡಿದ್ದರೆ ನಾನೇ ನಕ್ಕು, ಬಾಗಿಲು ಹಾಕಿಕೊಂಡು ಮನೆಗೆ ಹೋಗಪ್ಪ ಎನ್ನುತ್ತಿದ್ದೆ.

ನನ್ನ ಹೆಸರು ಎನೋಕ್ ಟ್ರೆಲೋರ್. ಹನ್ನೊಂದನೇ ವಯಸ್ಸಿನಲ್ಲಿ ಹಡಗುಕಟ್ಟೆಗೆ ಸೇಬಿನ ಪೆಟ್ಟಿಗೆ ಹೊರಲು ಶುರು ಮಾಡಿದವನು. ಈಗ ನಾಲ್ಕು ಎಕರೆ ನರ್ಸರಿ ಇದೆ, ಹೆಂಡತಿ ಇಲ್ಲ, ನೋಲಾ ಎಂಬ ಇಪ್ಪತ್ತೆರಡು ವರ್ಷದ ಮಗಳಿದ್ದಾಳೆ. ಒಂದು ಹರಾಜಿನಲ್ಲಿ ಹಳೆಯ ಕುರ್ಚಿಗಳ ಜೊತೆ ನಮ್ಮ ಬೆಟ್ಟದ ಹೂಗಳ ಚಿತ್ರಗಳಿರುವ ನಿಮ್ಮ ೧೯೧೨ರ ಪುಸ್ತಕ ನನಗೆ ಬಂತು. ಕುರ್ಚಿಗಳು ಆಗಲೇ ಸೌದೆಯಾದವು. ಪುಸ್ತಕದ ಮೂವತ್ತೊಂದನೇ ಪಟ ನಮ್ಮಿಬ್ಬರನ್ನೂ ಹಿಡಿದುಕೊಂಡಿದೆ. ಪಂಡಿತರು ನಿಮ್ಮ ಹೆಸರನ್ನೇ ಇಟ್ಟ ಆ ಪೊದೆ: ಮೇಲೆ ಬಿಳಿ ಗಂಟೆಯಂಥ ಹೂವು, ಕೆಳಗೆ ನೇರಳೆ ಬಣ್ಣದ ಹಣ್ಣು. ಆಮೇಲೆ ಅದನ್ನು ಕಂಡವರಿಲ್ಲ. ಅದನ್ನು ಬೆಳೆಸಿ ಮಾರಿದರೆ ಮಗಳಿಗೆ ಹೋಬಾರ್ಟಿನ ಚಿತ್ರಕಲಾ ಶಾಲೆ, ನನಗೆ ನೆಮ್ಮದಿಯ ಮುಪ್ಪು. ಮುಚ್ಚುಮರೆ ಏನಿಲ್ಲ.

ಪತ್ರ ಬರೆಯುತ್ತೇನೆ ಎಂದಾಗ ನೋಲಾ ಕೇಳಿದಳು, "ಆಯಮ್ಮ ಇನ್ನೂ ಬದುಕಿರ್ತಾಳಾ ಅಪ್ಪಾ?"

"ದೊಡ್ಡ ಮನೆತನದೋರು ಅಷ್ಟು ಸುಲಭಕ್ಕೆ ಸಾಯಲ್ಲ ಕಣೆ. ಸಾಯೋಕೂ ಯಾರಾದ್ರೂ ಬಂದು ಕರೀಬೇಕು."

ಕ್ಷಮಿಸಿ, ಮನೆಯಲ್ಲಿ ಆಡಿದ ಮಾತನ್ನೇ ಬರೆದಿದ್ದೇನೆ. ಆ ಗಿಡವನ್ನು ಎಲ್ಲಿ, ಯಾವ ತಿಂಗಳಲ್ಲಿ ಕಂಡಿರಿ? ಬೂದು ಬಂಡೆಗಳ ನಡುವೆ ನೇರಳೆ ಹಣ್ಣು ದೂರಕ್ಕೂ ಕಾಣುತ್ತದೆಂದು ನಾವು ಏಪ್ರಿಲ್‌ನಲ್ಲಿ, ಇಲ್ಲಿನ ಶರತ್ಕಾಲದಲ್ಲಿ, ಹಣ್ಣಿನ ಹೊತ್ತಿಗೆ ಹತ್ತುತ್ತಿದ್ದೇವೆ. ಅದು ಸರಿಯೇ?

ನಿಮ್ಮ ವಿಧೇಯ,
ಎನೋಕ್ ಟ್ರೆಲೋರ್


ಕಿಲ್‌ಡ್ರಾಯ್ ಹೌಸ್, ಪರ್ತ್‌ಶೈರ್, ಸ್ಕಾಟ್‌ಲೆಂಡ್
೪ ಜೂನ್ ೧೯೫೬, ಹಡಗಿನ ಅಂಚೆ

ಮಿಸ್ಟರ್ ಟ್ರೆಲೋರ್,

ನಾನು ಬದುಕಿದ್ದೇನೆ. ನಿಮ್ಮ ಮಗಳಿಗೆ ತಿಳಿಸಿ. ಎಪ್ಪತ್ತು ವರ್ಷ. ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ, ಕಿಟಕಿ ನನ್ನ ಎಡಕ್ಕೆ ಬರುವಂತೆ ಕುಳಿತು ಚಿತ್ರ ಬರೆಯುತ್ತೇನೆ. ಮಿಕ್ಕ ಹೊತ್ತಿನಲ್ಲಿ ಈ ಮನೆಯ ಛಾವಣಿಯಿಂದ ನೀರು ಎಲ್ಲೆಲ್ಲಿ ಸೋರುತ್ತದೆಂದು ನೋಡುತ್ತೇನೆ.

ನಾನು ನಿಮ್ಮ ದ್ವೀಪಕ್ಕೆ ಬಂದಾಗ ನನ್ನ ತಮ್ಮ ನಿಮ್ಮ ಗವರ್ನರರ ಬಳಿ ಕೆಲಸದಲ್ಲಿದ್ದ. ಸ್ಯಾಡ್ಲರ್ ಬೆಟ್ಟದ ಎರಡನೇ ಕೊಳದ ಹಿಂದಿನ ದಿಣ್ಣೆಯಲ್ಲಿ ಆ ಹೂವನ್ನು ಕಂಡೆ. ೧೯೧೦ರ ಜನವರಿ ೧೭. ಜೊತೆಗಿದ್ದ ಹೇರುಕುದುರೆಯವನು ನನ್ನ ಕೊಡೆ ಹಿಡಿದಿದ್ದ.

ಹಣ್ಣಿನ ಬಗ್ಗೆ ಕೇಳಿದ್ದೀರಿ. ಅದು ಪಟದಲ್ಲಿದೆ. ನಮ್ಮ ಕಸುಬಿನ ರೀತಿ ನಿಮಗೆ ತಿಳಿದಿರಲಾರದು: ಹೂವೂ ಹಣ್ಣೂ ಒಟ್ಟಿಗೆ ಬರದ ಗಿಡವಾದರೆ ಹಾಳೆಯ ಕೆಳಭಾಗದಲ್ಲಿ ಅಂಗೈಯಗಲ ಜಾಗ ಖಾಲಿ ಬಿಟ್ಟು ಕಾಯುತ್ತೇವೆ. ನನಗೆ ಕಲಿಸಿದವರು ಅಂಥ ಒಂದು ಜಾಗಕ್ಕಾಗಿ ಏಳು ವರ್ಷ ಕಾದಿದ್ದರು. ತಾಳ್ಮೆ ಇಲ್ಲದವರು ಇದಕ್ಕೆ ಬರಬಾರದು.

ಹೂವನ್ನು ಮಾರುವ ನಿಮ್ಮ ಯೋಜನೆಯ ಬಗ್ಗೆ ನನ್ನ ಅಭಿಪ್ರಾಯವನ್ನು ನೀವು ಕೇಳಿಲ್ಲ. ಆದ್ದರಿಂದ ಹೇಳುವುದಿಲ್ಲ.

ಯೂಫೀಮಿಯಾ ಸ್ಟ್ರಾಥೋರ್ನ್


ಫ್ರಾಂಕ್ಲಿನ್
೧೧ ಫೆಬ್ರವರಿ ೧೯೫೭, ವಿಮಾನದ ಅಂಚೆ

ಲೇಡಿ ಯೂಫೀಮಿಯಾ ಅವರಿಗೆ,

ನಿಮ್ಮ ಪತ್ರ ಐವತ್ತೊಂದು ದಿನ ಸಮುದ್ರ ಸುತ್ತಿ ನಮ್ಮ ಮನೆ ಸೇರಿತು. ಅಷ್ಟರಲ್ಲಿ ನಾನು ಒಂದು ಸಾಲು ಬಟಾಣಿ ಬಿತ್ತಿ, ಬೆಳೆದು, ತಿಂದು ಮುಗಿಸಬಹುದಿತ್ತು.

ನೀವು ಹೇಳಿದ ದಿಣ್ಣೆಗೆ ಜನವರಿಯಲ್ಲಿ ಹೋದೆವು. ನಾಲ್ಕು ದಿನದಲ್ಲಿ ಮಂಜು ಬಿಟ್ಟಿದ್ದು ಎರಡೇ ಗಂಟೆ. ಬಿಟ್ಟಾಗ ಕಂಡದ್ದೇನು? ದಿಣ್ಣೆ ತುಂಬ ಬಿಳಿ ಹೂವು, ಆರೇಳು ಜಾತಿ, ಎಲ್ಲವೂ ಗಂಟೆಯೇ. ಇಳಿಯುವಾಗ ನನ್ನ ಮಂಡಿ ರಾಜೀನಾಮೆ ಕೊಟ್ಟಿತು. ಇನ್ನು ನಾನು ಹತ್ತಲಾರೆ.

ಮನೆಗೆ ಬಂದ ಮೇಲೆ ನೋಲಾ ನಿಮ್ಮ ಪಟವನ್ನು ಭೂತಗನ್ನಡಿ ಹಿಡಿದು ನೋಡುತ್ತ ಕೂತಳು.

"ಅಪ್ಪಾ, ಇಲ್ಲಿ ನೋಡು. ಹೂವಿನ ನೆರಳು ಬಲಗಡೆ ಬಿದ್ದಿದೆ. ಹಣ್ಣಿಂದು ಎಡಗಡೆ."

"ಅದಕ್ಕೇನೀಗ? ಸೂರ್ಯ ತಿರುಗ್ತಾನಪ್ಪ."

"ಸೂರ್ಯ ತಿರುಗಿದ್ರೂ ಈಯಮ್ಮ ತಿರುಗಲ್ಲ. ಮಿಕ್ಕ ನಲವತ್ತು ಪಟದಲ್ಲಿ ಒಂದ್ಸಲಾನೂ ತಿರುಗಿಲ್ಲ. ಇವೆರಡನ್ನೂ ಬೇರೆ ಬೇರೆ ಜಾಗದಲ್ಲಿ ಬರ್ದಿದಾಳೆ. ನೀನು ಗಿರಾಕಿ ಹತ್ರ ನೆಟ್ಟಗೆ ಕೇಳ್ತೀಯಲ್ಲ, ಹಂಗೇ ಕೇಳು."

ನೆಟ್ಟಗೆ ಕೇಳುತ್ತಿದ್ದೇನೆ. ಹೂ ಬಿಟ್ಟ ಅದೇ ಗಿಡದಲ್ಲಿ ಆ ನೇರಳೆ ಹಣ್ಣನ್ನು ಕಣ್ಣಾರೆ ಕಂಡಿರಾ? ಹೌದಾದರೆ ಏಪ್ರಿಲ್ ಕೊನೆಯಲ್ಲಿ ನೋಲಾ ಒಬ್ಬಳೇ ಹತ್ತುತ್ತಾಳೆ. ಅಲ್ಲವಾದರೆ ಮನೆಯಲ್ಲಿರುತ್ತಾಳೆ, ಚಳಿಗಾಲ ಹೊಸ್ತಿಲಲ್ಲಿರುವ ಆ ಕಾಲದಲ್ಲಿ ಅಲ್ಲಿನ ಆಕಾಶವನ್ನು ನಂಬುವಂತಿಲ್ಲ. ನಿಮ್ಮ ಅಂಚೆ ಕಚೇರಿಯಲ್ಲಿ ಕೊಟ್ಟರೆ ವಿಮಾನದ ಅಂಚೆಗೆ ಸಾಲುವಷ್ಟು ಚೀಟಿ ಸಿಗುವ ಕೂಪನ್ ಒಂದನ್ನು ಇಟ್ಟಿದ್ದೇನೆ. ಮುಜುಗರ ಬೇಡ, ಇದು ನನ್ನ ಕೆಲಸದ ಖರ್ಚು.

ಎನೋಕ್ ಟ್ರೆಲೋರ್


ಕಿಲ್‌ಡ್ರಾಯ್ ಹೌಸ್
೨೪ ಫೆಬ್ರವರಿ ೧೯೫೭, ವಿಮಾನದ ಅಂಚೆ

ಮಿಸ್ಟರ್ ಟ್ರೆಲೋರ್,

ಹಣ್ಣನ್ನು ಊರಿಗೆ ಮರಳುವಾಗ ಹಡಗಿನ ಕೋಣೆಯಲ್ಲಿ ಬರೆದೆ. ಅಲ್ಲಿ ಕಿಂಡಿ ನನ್ನ ಬಲಕ್ಕಿತ್ತು. ನಿಮ್ಮ ಮಗಳ ಕಣ್ಣು ಒಳ್ಳೆಯದು. ನಲವತ್ತೈದು ವರ್ಷದಲ್ಲಿ ಇದನ್ನು ಗಮನಿಸಿದವರು ಬೇರೊಬ್ಬರಿಲ್ಲ.

ನನ್ನ ಕಣ್ಣಿಂದ ಕಾಣದ ಯಾವುದನ್ನೂ ನಾನು ಎಂದೂ ಬರೆದಿಲ್ಲ.

ನಿಮ್ಮ ಕೂಪನ್ ಬಳಸಿದ್ದೇನೆ.

ಯೂಫೀಮಿಯಾ ಸ್ಟ್ರಾಥೋರ್ನ್


ಕಿಲ್‌ಡ್ರಾಯ್ ಹೌಸ್
೧೫ ಮಾರ್ಚ್ ೧೯೫೭, ಹಡಗಿನ ಅಂಚೆ

ಮಿಸ್ಟರ್ ಟ್ರೆಲೋರ್,

ಮನೆ ನೋಡಿಕೊಳ್ಳುವ ಗೆಡ್ಡಿಸ್ ಮೂರು ವಾರದಿಂದ ನನ್ನನ್ನು ಗದರುತ್ತಿದ್ದಾಳೆ. "ಅಮ್ಮಾವ್ರೇ, ಗಂಜಿ ಇಟ್ಟಿದ್ದು ಇಟ್ಟ ಹಾಗೇ ಇದೆ. ಆ ಟಾಸ್ಮೇನಿಯಾದೋನು ಮದುವೆಗೆ ಗಿದುವೆಗೆ ಕೇಳಿದ್ನಾ ಹೇಗೆ?" ಎಂದಳು ಇವತ್ತು. ನಗು ಬರಲಿಲ್ಲ. ಆದ್ದರಿಂದ ಬರೆಯಲು ಕುಳಿತೆ.

ಹಿಂದಿನ ಪತ್ರದಲ್ಲಿ ನಾನು ಬರೆದ ಪ್ರತಿ ಮಾತೂ ನಿಜ, ಆದರೆ ನೀವು ಕೇಳಿದ್ದಕ್ಕೆ ಅದು ಉತ್ತರವಲ್ಲ. ಜನವರಿಯಲ್ಲಿ ಹೂವನ್ನು ಬರೆದು, ಕೆಳಗೆ ಜಾಗ ಬಿಟ್ಟೆ. ಹಣ್ಣಾಗುವ ತನಕ ಇರುವಂತಿರಲಿಲ್ಲ, ಮಾರ್ಚ್‌ನಲ್ಲಿ ಹಡಗು. ಹೇರುಕುದುರೆಯವನಿಗೆ ಹೇಳಿಟ್ಟಿದ್ದೆ. ಅವನು ಕೊನೆಯ ಗಳಿಗೆಯಲ್ಲಿ ಕಟ್ಟೆಗೆ ಓಡಿಬಂದು ನೇರಳೆ ಹಣ್ಣಿನ ಒಂದು ಟೊಂಗೆ ಕೊಟ್ಟ. "ಅದೇ ಗಿಡ ಅಮ್ಮಾವ್ರೇ, ಆಣೆಗೂ" ಎಂದ. ನನಗೆ ಇಪ್ಪತ್ನಾಲ್ಕು ವರ್ಷ. ನಂಬುವುದು ಅನುಕೂಲವಾಗಿತ್ತು. ಬೆಳ್ಳಿ ನಾಣ್ಯ ಕೊಟ್ಟೆ, ಹಾಳೆ ತುಂಬಿಸಿದೆ.

ಊರಿಗೆ ಬಂದು ಆ ಹಣ್ಣಿನ ಬೀಜವನ್ನು ಗಾಜಿನ ಮನೆಯಲ್ಲಿ ಬಿತ್ತಿದೆ. ೧೯೧೬ರಲ್ಲಿ ಹೂ ಬಿಟ್ಟಿತು. ನಿಮ್ಮ ಬೆಟ್ಟದಲ್ಲಿ ಎಲ್ಲೆಂದರಲ್ಲಿ ಬೆಳೆಯುವ ಬೇರೆಯೇ ಒಂದು ಗಿಡ. ಅಷ್ಟರಲ್ಲಿ ಪುಸ್ತಕ ಬಂದು ನಾಲ್ಕು ವರ್ಷವಾಗಿತ್ತು, ಗಿಡಕ್ಕೆ ನನ್ನ ಹೆಸರು ಬಂದಿತ್ತು. ಗಾಜಿನ ಮನೆಯ ಗಿಡವನ್ನು ಕಿತ್ತು ಸುಟ್ಟೆ. ನಿಜವಾದ ಹಣ್ಣು ಹೇಗಿದೆಯೋ ನನಗೆ ಗೊತ್ತಿಲ್ಲ.

ನಿಮ್ಮ ಮಗಳನ್ನು ಏಪ್ರಿಲ್‌ನಲ್ಲಿ ಕಳಿಸಬೇಡಿ. ಅವಳು ಹುಡುಕುವಂಥದ್ದು ಅಲ್ಲಿ ಇಲ್ಲ.

ಯೂಫೀಮಿಯಾ ಸ್ಟ್ರಾಥೋರ್ನ್


ಫ್ರಾಂಕ್ಲಿನ್
೧೨ ಮೇ ೧೯೫೭, ಅಂಚೆಗೆ ಹಾಕಿಲ್ಲ

ಲೇಡಿ ಯೂಫೀಮಿಯಾ,

ನಿಮ್ಮ ಮಾರ್ಚ್ ತಿಂಗಳ ಪತ್ರ ಮೇ ನಾಲ್ಕಕ್ಕೆ ಬಂತು. ನೋಲಾಳನ್ನು ಮಣ್ಣು ಮಾಡಿ ಅವತ್ತಿಗೆ ಎರಡು ದಿನ.

ಅವಳು ಹತ್ತಿದ್ದು ಏಪ್ರಿಲ್ ಇಪ್ಪತ್ತಮೂರಕ್ಕೆ. "ನಿನ್ನ ಮಂಡಿಗೆ ಎಣ್ಣೆ ಹಾಕ್ಕೊಂಡು ಮಲಗಿರು. ಭಾನುವಾರದೊಳಗೆ ಬರ್ತೀನಿ, ಮಟನ್ ಪೈ ಒಬ್ನೇ ಮುಗಿಸ್ಬೇಡ" ಅಂದಳು. ಇಪ್ಪತ್ತೈದರಿಂದ ನಾಲ್ಕು ದಿನ ಹಿಮ ಬಿತ್ತು. ಮೂವತ್ತರಂದು ಮರ ಕಡಿಯುವವರು ಅವಳನ್ನು ಮೂರನೇ ಕೊಳದ ಮೇಲಿನ ಇಳಿಜಾರಿನಲ್ಲಿ, ಒಂದು ಬಂಡೆಯ ಹಿಂದೆ ಕಂಡರು. ಮಟನ್ ಪೈಯನ್ನು ನಾನು ಮುಟ್ಟಿರಲಿಲ್ಲ.

ಚೀಲದಲ್ಲಿ ಅವಳ ಚಿತ್ರದ ಪುಸ್ತಕ ಇತ್ತು. ಒದ್ದೆಯಾಗಿರಲಿಲ್ಲ, ಎಣ್ಣೆಬಟ್ಟೆಯಲ್ಲಿ ಸುತ್ತಿದ್ದಳು. ಕೊನೆಯ ಪುಟದಲ್ಲಿ ಒಂದು ಪೊದೆ. ಕಿರಿದಾದ ಎಲೆ, ಮೆಣಸಿನ ಕಾಳಿನಷ್ಟು ದಪ್ಪದ ಕಂದು ಬಣ್ಣದ ಒಣ ಬೀಜಕೋಶ, ಐದಾಗಿ ಸೀಳಿದೆ. ಕೆಳಗೆ ಬರೆದಿದ್ದಾಳೆ: 'ಏಪ್ರಿಲ್ ೨೪. ಎರಡನೇ ಕೊಳ. ಎಲೆ ಹೊಂದುತ್ತೆ. ಹಣ್ಣು ಹೊಂದಲ್ಲ. ಇದಲ್ಲ. ಇನ್ನೂ ಮೇಲೆ ಹೋಗ್ತೀನಿ.'

ಅದೇ ಅದು. ನಿಮ್ಮ ಆ ಪತ್ರ ಓದಿದ ಮೇಲೆ ಪಟದ ಎಲೆ ಪಕ್ಕದಲ್ಲಿ ಅವಳ ಎಲೆ ಇಟ್ಟು ನೋಡಿದೆ. ಅವಳಿಗೆ ನಿಮ್ಮ ಗಿಡ ಸಿಕ್ಕಿತ್ತು. ಕೆಳಗೆ ಗುಡಿಸಲು ಒಂದು ಗಂಟೆಯ ದಾರಿ, ಆಕಾಶ ಇನ್ನೂ ತಿಳಿಯಾಗಿತ್ತು. ನಿಮ್ಮ ಹಣ್ಣನ್ನು ನಂಬಿ ಅದನ್ನು ಬಿಟ್ಟು ಹೋದಳು.

ಸುಳ್ಳನ್ನು ವಿಮಾನದಲ್ಲಿ ಕಳಿಸಿದಿರಿ, ನಿಜವನ್ನು ಹಡಗಿನಲ್ಲಿ. ಅದು ಜಿಪುಣತನವೋ ಅಭ್ಯಾಸವೋ ತಿಳಿಯದು. ಇನ್ನೊಂದು ಕೂಪನ್ ಇಡದೇ ಹೋದೆನಲ್ಲ ಎಂದು ನಾನೂ ದಿನಕ್ಕೆ ನೂರು ಸಲ ಅಂದುಕೊಳ್ಳುತ್ತೇನೆ.

ಇದನ್ನು ಕಳಿಸಿದರೆ ನೀವು ಕ್ಷಮೆ ಕೇಳುತ್ತೀರಿ. ಆಮೇಲೆ ನಾನು ಅದಕ್ಕೆ ಏನಾದರೂ ಉತ್ತರ ಕೊಡಬೇಕಾಗುತ್ತದೆ.


ಫ್ರಾಂಕ್ಲಿನ್
೧೪ ಮೇ ೧೯೫೭, ವಿಮಾನದ ಅಂಚೆ

ಲೇಡಿ ಯೂಫೀಮಿಯಾ ಅವರಿಗೆ,

ಎರಡೂ ಪತ್ರ ಬಂದವು. ನೋಲಾ ಈಗ ಬೆಟ್ಟಕ್ಕೆ ಹೋಗುವುದಿಲ್ಲ.

ನಿಮ್ಮ ಗಿಡದ ನಿಜವಾದ ಹಣ್ಣು ಕಂದು ಬಣ್ಣದ ಒಣ ಬೀಜಕೋಶ ಎಂದು ನಂಬಲು ನನಗೆ ಕಾರಣವಿದೆ. ನಿಮ್ಮ ಪುಸ್ತಕ ನನ್ನೊಬ್ಬನ ಮನೆಯಲ್ಲಿಲ್ಲ. ಪಟ ತಪ್ಪು ಎಂದು ಸಸ್ಯ ಸಂಘದ ಪತ್ರಿಕೆಯಲ್ಲಿ ನಿಮ್ಮ ಹೆಸರು ಹಾಕಿ ಅಚ್ಚು ಮಾಡಿಸಿ. ಅರ್ಧ ಪುಟ ಸಾಕು. ನನಗೆ ಬೇರೇನೂ ಬೇಡ.

ಎನೋಕ್ ಟ್ರೆಲೋರ್


ಕಿಲ್‌ಡ್ರಾಯ್ ಹೌಸ್
೮ ಆಗಸ್ಟ್ ೧೯೫೭, ಹಡಗಿನ ಅಂಚೆ

ಮಿಸ್ಟರ್ ಟ್ರೆಲೋರ್,

ನನ್ನ ಪತ್ರ ಸಕಾಲಕ್ಕೆ ತಲುಪಿತೆಂದು ತಿಳಿದು ಎದೆಯ ಭಾರ ಇಳಿಯಿತು. ಗೆಡ್ಡಿಸ್ ಎರಡು ಬಟ್ಟಲು ಗಂಜಿ ತಿನ್ನಿಸಿದಳು.

ನಿಮ್ಮ ಬರವಣಿಗೆ ಬಿಗಿಯಾಗಿದೆ. ನಿಮ್ಮ ಮಗಳು ನನ್ನ ಮೇಲೆ ಕೋಪಿಸಿಕೊಂಡಿರಬೇಕು. ನ್ಯಾಯವೇ. ಆದರೆ ಅಂಥ ಕಣ್ಣು ಕೋಪದಲ್ಲಿ ಹಾಳಾಗಬಾರದು. ಒಂದು ಬಣ್ಣದ ಪೆಟ್ಟಿಗೆ ಕಳಿಸುತ್ತಿದ್ದೇನೆ, ಕುಂಚಗಳು ನನ್ನವೇ. ಅವಳಿಗೆ ಮೊದಲ ಪಾಠ: ಮೊದಲು ಒಣಗಿದ್ದನ್ನು ಬರೆಯಲಿ. ಹೂವು ಕಾಯುವುದಿಲ್ಲ, ಒಣಗಿದ್ದು ಕಾಯುತ್ತದೆ.

ಪತ್ರಿಕೆಯ ವಿಷಯ ಈಗ ಬೇಡ. ಮುಂದಿನ ವರ್ಷ ನನ್ನ ಚಿತ್ರಗಳ ಪ್ರದರ್ಶನವಿದೆ, ಅದರ ಮೇಲೆ ಈ ಮನೆಯ ಛಾವಣಿ ನಿಂತಿದೆ. ಅದು ಮುಗಿಯಲಿ.

ಯೂಫೀಮಿಯಾ ಸ್ಟ್ರಾಥೋರ್ನ್


ಫ್ರಾಂಕ್ಲಿನ್
೨೦ ಜನವರಿ ೧೯೫೮

ಲೇಡಿ ಯೂಫೀಮಿಯಾ ಅವರಿಗೆ,

ಎರಡನೇ ಕೊಳದ ಪಕ್ಕದಲ್ಲಿ, ಕಳೆದ ವರ್ಷ ಬೀಜಕೋಶ ಕಂಡ ಪೊದೆಯಲ್ಲಿ ಈಗ ಬಿಳಿ ಹೂವು. ಇಬ್ಬರು ನನ್ನನ್ನು ಚಟ್ಟದ ಹಾಗೆ ಹೊತ್ತುಕೊಂಡು ಹೋದರು. ಒಂದು ಟೊಂಗೆ ಒತ್ತಿ ಒಣಗಿಸಿ ಇದರ ಜೊತೆ ಇಟ್ಟಿದ್ದೇನೆ, ಹಳೆಯ ಬೀಜಕೋಶವೂ ಅದರಲ್ಲೇ ಇದೆ. ನಿಮಗೆ ಸಾಕ್ಷಿ ಸಾಲದು ಎನ್ನುವಂತಿಲ್ಲ.

ಬಣ್ಣದ ಪೆಟ್ಟಿಗೆ ಬಂತು. ನೋಲಾ ತೆರೆದಿಲ್ಲ.

ಪ್ರದರ್ಶನ ಮುಗಿದ ಕೂಡಲೇ ಅರ್ಧ ಪುಟ.

ಎನೋಕ್ ಟ್ರೆಲೋರ್


ಕಿಲ್‌ಡ್ರಾಯ್ ಹೌಸ್
೩ ಅಕ್ಟೋಬರ್ ೧೯೬೪, ಹಡಗಿನ ಅಂಚೆ

ಮಿಸ್ಟರ್ ಟ್ರೆಲೋರ್,

ಇದು ನೋಲಾಳಿಗೆ ಹದಿನಾಲ್ಕನೇ ಪಾಠ. ಬಿಳಿ ಹೂವಿಗೆ ಬಿಳಿ ಬಣ್ಣ ಬಳಸಬಾರದು. ಸುತ್ತಲಿನ ನೆರಳನ್ನು ಬರೆದು ಕಾಗದವನ್ನು ಕಾಗದವಾಗಿಯೇ ಬಿಡಬೇಕು. ಅವಳಿಗೆ ಈಗ ಮೂವತ್ತು ಅಲ್ಲವೇ? ಆ ವಯಸ್ಸಿನಲ್ಲಿ ಕೈ ಹದಕ್ಕೆ ಬರುತ್ತದೆ.

ಸಂಘದವರು ನನಗೆ ಚಿನ್ನದ ಪದಕ ಕೊಟ್ಟರು. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಅದು ಕೊರಳಿಗೆ ಭಾರ. ಅಧ್ಯಕ್ಷರು ಭಾಷಣದಲ್ಲಿ ಮೂವತ್ತೊಂದನೇ ಪಟವನ್ನು ಬಾಯ್ತುಂಬ ಹೊಗಳಿದರು. ಎದ್ದು ಹೇಳಬೇಕೆಂದು ಕುರ್ಚಿಯ ಕೈ ಹಿಡಿದೆ. ಸಹಾಯ ಬೇಕೆಂದುಕೊಂಡು ಯಾರೋ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ನೀರು ಕುಡಿಸಿದರು.

ನೀವು ಕೇಳಿದ್ದು ನನಗೆ ನೆನಪಿದೆ. ಈ ವರ್ಷ ಆಗಲಾರದು.

ಯೂಫೀಮಿಯಾ ಸ್ಟ್ರಾಥೋರ್ನ್


ಫ್ರಾಂಕ್ಲಿನ್
೨೮ ಏಪ್ರಿಲ್ ೧೯೬೯, ವಿಮಾನದ ಅಂಚೆ

ಲೇಡಿ ಯೂಫೀಮಿಯಾ,

ಈ ವಾರ ಇಬ್ಬರು ವಿದ್ಯಾರ್ಥಿಗಳು ನಿಮ್ಮ ಪಟವನ್ನು ಜೇಬಿನಲ್ಲಿಟ್ಟುಕೊಂಡು ಸ್ಯಾಡ್ಲರ್ ಬೆಟ್ಟ ಹತ್ತಿ ಹಿಮಕ್ಕೆ ಸಿಕ್ಕರು. ಹನ್ನೆರಡು ವರ್ಷದಿಂದ ದಾರಿಯ ಬುಡದಲ್ಲಿ ನನ್ನದೇ ಒಂದು ತಗಡಿನ ಫಲಕ ಇದೆ: 'ನೇರಳೆ ಹಣ್ಣು ಸುಳ್ಳು. ಏಪ್ರಿಲ್‌ನಲ್ಲಿ ಹತ್ತಬೇಡಿ.' ಆಸ್ಪತ್ರೆಯಲ್ಲಿ ಒಬ್ಬನನ್ನು ಕೇಳಿದೆ.

"ನನ್ನ ಬೋರ್ಡು ನೋಡ್ಲಿಲ್ವೇನಯ್ಯಾ?"

"ನೋಡಿದ್ವಿ ಯಜಮಾನ್ರೇ. ಗಿಡ ಮಾರೋನು ಯಾರೋ, ಬೇರೆಯೋರಿಗೆ ಸಿಗಬಾರ್ದು ಅಂತ ಹಾಕಿದಾನೆ ಅಂದ್ಕೊಂಡ್ವಿ."

"ಸರಿಯಾಗೇ ಅಂದ್ಕೊಂಡಿದೀರ. ನಾನಾಗಿದ್ರೂ ಹಂಗೇ ಅಂದ್ಕೊಳ್ತಿದ್ದೆ."

ಇಬ್ಬರೂ ಬದುಕಿದ್ದಾರೆ. ಮಾತಾಡಿದವನಿಗೆ ಹಿಮದಲ್ಲಿ ಮರಗಟ್ಟಿ ಎಡಗಾಲಿನ ಮೂರು ಬೆರಳು ಹೋದವು. ಪುಸ್ತಕ ಬರೆದವರು ಲೇಡಿ, ಫಲಕ ಬರೆದವನು ಸೇಬಿನ ಪೆಟ್ಟಿಗೆ ಹೊತ್ತವನು. ಜನ ಯಾರನ್ನು ನಂಬುತ್ತಾರೆ?

ಹಾಗಾಗಿ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ನಿಮ್ಮ ಹಡಗಿನ ಪತ್ರ ಸಕಾಲಕ್ಕೆ ತಲುಪಲಿಲ್ಲ. ನೋಲಾ ೧೯೫೭ರ ಏಪ್ರಿಲ್‌ನಲ್ಲಿ ಆ ಬೆಟ್ಟದಲ್ಲಿ ಹಿಮಕ್ಕೆ ಸಿಕ್ಕಿ ಸತ್ತಳು. ಸಾಯುವ ಮೊದಲು ನಿಮ್ಮ ಗಿಡವನ್ನು ಕಂಡು, ಚಿತ್ರ ಬರೆದು, ಹಣ್ಣು ಹೊಂದಲಿಲ್ಲವೆಂದು ಬಿಟ್ಟು ಹೋಗಿದ್ದಳು. ನೀವು ಕಳಿಸಿದ ಹದಿನೇಳು ಪಾಠಗಳೂ ನಾಲ್ಕು ಪೆಟ್ಟಿಗೆಗಳೂ ಅವಳ ಮಂಚದ ಮೇಲಿವೆ.

ಅರ್ಧ ಪುಟ, ಲೇಡಿ ಯೂಫೀಮಿಯಾ.

ಎನೋಕ್ ಟ್ರೆಲೋರ್


ಕಿಲ್‌ಡ್ರಾಯ್ ಹೌಸ್
೬ ಸೆಪ್ಟೆಂಬರ್ ೧೯೮೩, ವಿಮಾನದ ಅಂಚೆ

ಮಿಸ್ಟರ್ ಟ್ರೆಲೋರ್,

ನೀವು ಬದುಕಿದ್ದರೆ ಇದನ್ನು ಓದಿ. ಕೈಬರಹ ನನ್ನದಲ್ಲ, ಗೆಡ್ಡಿಸ್‌ಳದು. ನನಗೆ ತೊಂಬತ್ತೇಳು. ಎಡಗಣ್ಣಿನ ಅಂಚಿನಲ್ಲಿ ಸ್ವಲ್ಪ ಬೆಳಕು ಉಳಿದಿದೆ.

ಹದಿನಾಲ್ಕು ವರ್ಷ ನಿಮಗೆ ಉತ್ತರ ಬರೆಯಲಿಲ್ಲ. ಬರೆಯಬೇಕಾದದ್ದು ಇಷ್ಟೇ ಇತ್ತು: ನೋಲಾ ಸತ್ತದ್ದು ನನಗೆ ಮೊದಲೇ ಗೊತ್ತಿತ್ತು. ೧೯೫೮ರ ವಸಂತದಲ್ಲಿ ಹೋಬಾರ್ಟಿನ ಪರಿಚಯದವರೊಬ್ಬರು ಯಾವುದೋ ಕುಂಡದ ಗಿಡವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಳಿಸಿದರು. ಆ ಪತ್ರಿಕೆಯಲ್ಲಿ ಅವಳ ಹೆಸರಿತ್ತು, ದಿನಾಂಕವಿತ್ತು. ನೀವು 'ನೋಲಾ ತೆರೆದಿಲ್ಲ' ಎಂದು ಬರೆದಿದ್ದಿರಿ. ಅವಳಿಗೆ ಪಾಠ ಕಳಿಸುತ್ತಿರುವ ತನಕ ನೀವು ಹೇಳುವುದಿಲ್ಲ, ನೀವು ಹೇಳದ ತನಕ ನಾನು ತಿಳಿದವಳಲ್ಲ. ಹನ್ನೊಂದು ವರ್ಷ ಹಾಗೆ ನಡೆಸಿದೆ. ನೀವು ಅಷ್ಟು ದಿನ ಸುಮ್ಮನಿದ್ದದ್ದು ದಯೆಯಿಂದಲೆಂದು ತಿಳಿದಿದ್ದೆ.

ಹಡಗಿನ ಅಂಚೆಯ ಬಗ್ಗೆ. ಈ ಮನೆಯಲ್ಲಿ ವಸಾಹತುಗಳಿಗೆ ಹೋಗುವ ಕಾಗದವೆಲ್ಲ ನನ್ನ ತಂದೆಯ ಕಾಲದಿಂದ ಹಿತ್ತಾಳೆಯ ತಟ್ಟೆಗೆ ಬೀಳುತ್ತದೆ, ತಟ್ಟೆಯದೆಲ್ಲ ಹಡಗಿಗೆ. ಆ ದಿನ ಲಕೋಟೆಯನ್ನು ತಟ್ಟೆಯಲ್ಲಿಟ್ಟೆ. 'ಇದು ವಿಮಾನಕ್ಕೆ' ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮರೆತೆನೋ, ಹೇಳಬಾರದೆಂದು ಇದ್ದೆನೋ, ಇಪ್ಪತ್ತಾರು ವರ್ಷ ಯೋಚಿಸಿದರೂ ತಿಳಿಯಲಿಲ್ಲ.

ಗೆಡ್ಡಿಸ್ ಬರೆಯುವುದನ್ನು ನಿಲ್ಲಿಸಿದ್ದಾಳೆ. "ಅಮ್ಮಾವ್ರೇ, ಆ ತಟ್ಟೆಯಿಂದ ತಗೊಂಡು ಹೋಗಿದ್ದು ನಾನು" ಎನ್ನುತ್ತಿದ್ದಾಳೆ. "ನೀನು ತಟ್ಟೆಯದನ್ನು ತಗೊಂಡೆ, ಇಟ್ಟಿದ್ದು ನಾನು. ಬರಿ" ಎಂದೆ. "ಮೂಗು ಒರೆಸ್ಕೊಂಡು ಬರೀತೀನಿ ತಾಳಿ" ಎಂದಳು.

ಈಗ ವಿಷಯ. ನನ್ನ ತಮ್ಮನ ಮೊಮ್ಮಗ ನನ್ನ ನೂರನೇ ವರ್ಷಕ್ಕೆ ಪುಸ್ತಕವನ್ನು ಮತ್ತೆ ಅಚ್ಚು ಮಾಡಿಸುತ್ತಿದ್ದಾನೆ. ಹೊದಿಕೆಯ ಮೇಲೆ ಮೂವತ್ತೊಂದನೇ ಪಟ, ನೇರಳೆ ಹಣ್ಣಿನ ಸಮೇತ, ಹತ್ತು ಸಾವಿರ ಪ್ರತಿ. ಹತ್ತು ಸಾವಿರ ಜನರ ಜೇಬು. ನಾನು ಒಪ್ಪಿಗೆ ಕೊಡಲಿಲ್ಲ. ಸಂಘಕ್ಕೆ ಬರೆಸಿದ್ದೇನೆ: ೧೯೧೦ರಲ್ಲಿ ಏನು ಮಾಡಿದೆ, ೧೯೧೬ರಲ್ಲಿ ಏನು ತಿಳಿಯಿತು, ೧೯೫೭ರಲ್ಲಿ ಯಾರು ಸತ್ತರು. ಅರ್ಧ ಪುಟ ಸಾಲಲಿಲ್ಲ, ಎರಡಾಯಿತು. ಪದಕವನ್ನು ಅದೇ ಲಕೋಟೆಯಲ್ಲಿ ಕಳಿಸಿದೆ. ಅವರು ವಾಪಸು ಕಳಿಸಿದರು. ಮತ್ತೆ ಕಳಿಸಿದೆ.

ಪಟದಿಂದ ನೇರಳೆ ಹಣ್ಣನ್ನು ಕೆರೆದು ತೆಗೆಸಿದ್ದೇನೆ. ಅಲ್ಲಿ ಬೀಜಕೋಶ ಬರಬೇಕು. ನೀವು ಕಳಿಸಿದ ಟೊಂಗೆಯನ್ನು ಕಣ್ಣಿಗೆ ತಾಗಿಸಿಕೊಂಡು ನಾಲ್ಕು ತಿಂಗಳು ಪ್ರಯತ್ನಿಸಿದೆ. ಆಗುವುದಿಲ್ಲ. ಅದನ್ನು ಬರೆದ ಒಂದು ಕೈ ಮಾತ್ರ ಇದೆ. ನಿಮ್ಮ ಮಗಳ ಪುಟವನ್ನು ಕಳಿಸಿಕೊಡುವಿರಾ? ಅಚ್ಚಾದ ಮೇಲೆ ಗೆಡ್ಡಿಸ್ ಅದನ್ನು ವಿಮಾನದಲ್ಲಿ ಹಿಂದಿರುಗಿಸುತ್ತಾಳೆ. ಕೇಳುವ ಹಕ್ಕು ನನಗಿಲ್ಲ.

ಯೂಫೀಮಿಯಾ ಸ್ಟ್ರಾಥೋರ್ನ್


ಫ್ರಾಂಕ್ಲಿನ್
೩೦ ಏಪ್ರಿಲ್ ೧೯೮೫, ವಿಮಾನದ ಅಂಚೆ

ಲೇಡಿ ಯೂಫೀಮಿಯಾ ಅವರಿಗೆ,

ಪುಸ್ತಕ ಬಂತು. ನೋಲಾಳ ಪುಟವೂ ಕ್ಷೇಮವಾಗಿ ಬಂತು. ಗೆಡ್ಡಿಸ್ ಅವರು ಅದನ್ನು ಎರಡು ಹಲಗೆಯ ನಡುವೆ ಕಟ್ಟಿ ಕಳಿಸಿದ್ದಾರೆ, ಅವರಿಗೆ ನನ್ನ ವಂದನೆ ಹೇಳಿ. ಅದನ್ನು ನಿಮಗೆ ಕಳಿಸುವ ಮೊದಲು ಹನ್ನೊಂದು ವಾರ ಮೇಜಿನ ಮೇಲಿಟ್ಟುಕೊಂಡಿದ್ದೆ. ನಿಮ್ಮನ್ನು ಕಾಯಿಸಿದ್ದು ಬೇಕೆಂದೇ.

ನಾನು ದಯೆಯಿಂದ ಸುಮ್ಮನಿದ್ದೆ ಎಂದು ತಿಳಿದಿದ್ದಿರಿ. ಅಲ್ಲ. ಸತ್ತವಳಿಗೆ ನೀವು ಪಾಠ ಬರೆಯುತ್ತಿರುವುದನ್ನು ನೋಡಬೇಕಿತ್ತು. ಲಕೋಟೆ ಬಂದಾಗಲೆಲ್ಲ, ತಿಳಿಯದೇ ಬರೆಯುತ್ತಿದ್ದಾಳೆ ಮುದುಕಿ ಎಂದು ಒಳಗೊಳಗೇ ಒಂದು ಸಮಾಧಾನ. ನಿಮಗೆ ತಿಳಿದಿತ್ತು ಎಂದು ಈಗ ಗೊತ್ತಾಯಿತು. ಆ ಸಮಾಧಾನವೂ ಹೋಯಿತು. ಬಾಯಿ ಬಿಟ್ಟಿದ್ದರೆ ನೀವು ಆ ಅರ್ಧ ಪುಟವನ್ನು ಮೊದಲೇ ಬರೆಯುತ್ತಿದ್ದಿರೋ ಏನೋ, ಆ ಹುಡುಗನ ಬೆರಳು ಉಳಿಯುತ್ತಿದ್ದವೋ ಏನೋ. ಆ ಪಾಲು ನನ್ನದು, ನಿಮ್ಮ ಮೇಲೆ ಹಾಕುವುದಿಲ್ಲ.

ಯಾರಿಗೆ ಏನು ದಕ್ಕಿತು ಎಂದು ಬರೆದು ಮುಗಿಸುತ್ತೇನೆ.

ಗಿಡಕ್ಕೆ ಅದರ ಹಣ್ಣು ದಕ್ಕಿತು. ಹೆಸರು ನಿಮ್ಮದೇ ಉಳಿದಿದೆ. ಹೆಸರು ಇಟ್ಟದ್ದು ಹೂವಿಗೆ, ಅದನ್ನು ಬದಲಿಸುವಂತಿಲ್ಲ ಎಂದು ಇಲ್ಲಿನ ಪಂಡಿತರು ಹೇಳುತ್ತಾರೆ.

ನಿಮ್ಮ ತಮ್ಮನ ಮೊಮ್ಮಗನಿಗೆ ಪುಸ್ತಕದ ದುಡ್ಡು. ತಪ್ಪೊಪ್ಪಿಗೆಯ ಸುದ್ದಿ ಹರಡಿದ ಮೇಲೆ ಮಾರಾಟ ಇನ್ನೂ ಹೆಚ್ಚಾಯಿತಂತೆ.

ಹೇರುಕುದುರೆಯವನಿಗೆ ಒಂದು ಬೆಳ್ಳಿ ನಾಣ್ಯ. ಅವನು ಮೋಸ ಮಾಡಿದನೆಂದು ನನಗನ್ನಿಸುವುದಿಲ್ಲ. ಅವನಿಗೂ ಎಲ್ಲ ಗಿಡ ಒಂದೇ ಥರ ಕಂಡಿರಬೇಕು.

ನನ್ನ ನರ್ಸರಿಗೆ ಏನೂ ಇಲ್ಲ. ನಿಮ್ಮ ಗಂಟೆ ಬಯಲಿನಲ್ಲಿ ಬದುಕುವುದಿಲ್ಲ. ಅರವತ್ತು ಸಸಿ ಮಾಡಿದೆ, ಅರವತ್ತೂ ಒಣಗಿದವು.

ನಿಮಗೆ ತೊಂಬತ್ತೊಂಬತ್ತು ವರ್ಷ. ಅದರಲ್ಲಿ ನನ್ನ ಕ್ಷಮೆ ಸೇರಿಲ್ಲ. ಕೊಡಬಾರದೆಂಬ ಹಟವಿಲ್ಲ, ಹುಡುಕಿದೆ, ಸಿಗಲಿಲ್ಲ.

ನೋಲಾಳಿಗೆ ಮೂವತ್ತೊಂದನೇ ಪಟದ ಕೆಳಗೆ, ಬಲ ಮೂಲೆಯಲ್ಲಿ, ಅಂಗೈಯಗಲ ಜಾಗ ಮತ್ತು ಸಣ್ಣ ಅಕ್ಷರದಲ್ಲಿ ಹೆಸರು.

ಈ ಏಪ್ರಿಲ್‌ನಲ್ಲಿ ಬೆಟ್ಟ ಹತ್ತಿದವರು ಯಾರೂ ಇಲ್ಲ.

ಎನೋಕ್ ಟ್ರೆಲೋರ್